ಅಳತೆ ಕೊಟ್ಟ ಬಾಯಿ

ಅಜ್ಜಿಯ ಬಾಯಲ್ಲಿ ಉಳಿದಿದ್ದ ಕೊನೆಯ ಐದು ಹಲ್ಲುಗಳನ್ನು ಕಿತ್ತ ದಿನ, ಆಕೆ ಹತ್ತಿಯುಂಡೆ ಕಚ್ಚಿಕೊಂಡೇ ಹಲ್ಲಿನ ಡಾಕ್ಟರಮ್ಮನ ಮೇಲೆ ಜಗಳಕ್ಕೆ ಹೋಗಿದ್ದಳು. ಒಸಡು ಮಾಗಿದ ಮೇಲೆ ಅಳತೆ ತೆಗೆದು ಹಲ್ಲಿನ ಸೆಟ್ಟು ಮಾಡಲು ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದೇ ತಪ್ಪಾಗಿತ್ತು.

“ಮನೇಲೇ ಹಲ್ಲು ಕಟ್ಟೋಳು ಇರುವಾಗ ಊರವರು ಮಾಡಿದ ಹಲ್ಲು ನಂಗ್ಯಾಕೆ? ನನ್ನ ಸೊಸೆ ಮಾಡ್ತಾಳೆ. ಅಳತೆ ತೆಗೆದು ನಮ್ಮ ಕೈಗೆ ಕೊಡಿ.”

ಹತ್ತಿಯ ನಡುವಿಂದ ಬಂದ ಮಾತು ಡಾಕ್ಟರಮ್ಮನಿಗೆ ಅರ್ಧ ಅರ್ಥವಾಯಿತು. ಅಷ್ಟಕ್ಕೇ ಅವರು ಮುಖ ಚಿಕ್ಕದು ಮಾಡಿಕೊಂಡು ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಮಗನ ಕಡೆ ನೋಡಿದರು. ಮಗ ನೆಲ ನೋಡಿದ. ಆ ಕ್ಲಿನಿಕ್ಕಿನಿಂದ ಅವನ ಹೆಂಡತಿಗೆ ಕೆಲಸ ಬರುವುದು ನಿಂತು ಆಗಲೇ ಬಹಳ ದಿನವಾಗಿತ್ತು. ಕೊಟ್ಟ ಕೆಲಸ ವಾಪಸು ಬರದಿದ್ದರೆ ಯಾರು ತಾನೆ ಕೊಟ್ಟಾರು? ಹಲ್ಲಿಲ್ಲದವರು ಫೋನಿನಲ್ಲಿ ಬೈದರೆ ಮಾತು ಅರ್ಥವಾಗದಿದ್ದರೂ ಸಿಟ್ಟು ಅರ್ಥವಾಗುತ್ತದೆ. ಡಾಕ್ಟರಮ್ಮ ಅಂಥ ಫೋನು ಸಾಕಷ್ಟು ಕೇಳಿದ್ದರು.

ಸೊಸೆಯ ಕೈಯ ಬಗ್ಗೆ ಮಾತ್ರ ಯಾರೂ ಚಕಾರ ಎತ್ತುವಂತಿರಲಿಲ್ಲ. ಆ ಬಡಾವಣೆಯ ಎಷ್ಟೋ ಮುದುಕರು ಅವಳು ಕಟ್ಟಿದ ಹಲ್ಲಿನಲ್ಲೇ ಉಣ್ಣುತ್ತಿದ್ದರು, ನಗುತ್ತಿದ್ದರು, ಮಕ್ಕಳನ್ನು ಬೈಯುತ್ತಿದ್ದರು. ಮೂರನೇ ಮಹಡಿಯ ಮನೆಯ ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೇ ಅವಳು ಕೆಲಸದ ಕೋಣೆ ಮಾಡಿಕೊಂಡಿದ್ದಳು. ಒಂದು ಮೇಜು, ಮೇಣ ಕಾಯಿಸುವ ಚಿಕ್ಕ ದೀಪ, ಗುಲಾಬಿ ಮೇಣದ ಹಾಳೆಗಳು, ಹೊಳಪು ಕೊಡುವ ಮೋಟರು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಮೇಣದಲ್ಲಿ ಒಂದು ಹಲ್ಲು ಕೂರಿಸಿ, ಕಣ್ಣು ಕಿರಿದು ಮಾಡಿ ನೋಡಿ, ಕೂದಲೆಳೆಯಷ್ಟು ಓರೆ ಮಾಡಿದಳೆಂದರೆ ಅದು ಅಂಗಡಿಯ ಹಲ್ಲಾಗಿ ಉಳಿಯದೆ ಆ ಮನುಷ್ಯನ ಹಲ್ಲಾಗಿಬಿಡುತ್ತಿತ್ತು.

ತಲೆಯ ಕಥೆ ಬೇರೆ. ಮೊದಲಿನಿಂದಲೂ ಅವಳದು ನಾಲ್ಕೂ ದಿಕ್ಕಿಗೆ ಓಡುವ ತಲೆ. ಹಾಲು ಒಲೆಗಿಟ್ಟು ಬಟ್ಟೆ ಮಡಿಸಲು ಹೋಗುವಳು, ಬಟ್ಟೆ ಅರ್ಧ ಮಡಿಸಿ ಕಿಟಕಿ ಒರೆಸುವಳು, ಅಷ್ಟರಲ್ಲಿ ಹಾಲು ಒಲೆಯ ಪಾಲು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ಮನೆಯವರು ಇದನ್ನೆಲ್ಲ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆಮೇಲೆ ಯಾವಾಗಲೋ ಅವಳೊಬ್ಬಳು ನಗುವುದನ್ನು ನಿಲ್ಲಿಸಿದಳು. ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಆ ಮನೆಯವರನ್ನು ನಾನು ಬೈಯುವುದಾದರೆ ಇದೊಂದಕ್ಕೆ ಬೈಯುತ್ತೇನೆ. ಗಮನಿಸುವ ಹೊತ್ತಿಗೆ ಅವಳು ಹಗಲೂ ಗೋಡೆಗೆ ಮುಖ ಮಾಡಿ ಮಲಗತೊಡಗಿದ್ದಳು. ತಲೆ ಬಾಚಿಕೋ ಎಂದು ಎರಡು ಸಲ ಹೇಳಬೇಕಾಗುತ್ತಿತ್ತು.

ಮನಸ್ಸಿನ ಡಾಕ್ಟರು ಎರಡು ಹೆಸರು ಹೇಳಿದರು. ಒಂದು ಚಿಕ್ಕಂದಿನಿಂದಲೂ ಇದ್ದು ಯಾರ ಕಣ್ಣಿಗೂ ಬೀಳದೆ ಹೋಗಿದ್ದ ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ. ಇನ್ನೊಂದು ಅದರ ಬೆನ್ನಿಗೇ ಬಂದು ಕೂತ ಖಿನ್ನತೆ. ಮಗ ಮನೆಗೆ ಬಂದು ತಾಯಿಗೆ ಬಿಡಿಸಿ ಹೇಳಿದ. ಅಜ್ಜಿ ಎಲ್ಲ ಕೇಳಿಸಿಕೊಂಡಳು.

“ಅಂದ್ರೆ ಒಂದು ಕೂತ್ಕೊಳ್ಳೋಕೆ ಬಿಡಲ್ಲ, ಇನ್ನೊಂದು ಏಳೋಕೆ ಬಿಡಲ್ಲ. ಪಾಪ, ಅವಳು ಇರೋದಾದ್ರೂ ಹೇಗೋ?”

ಅಳತೆಯನ್ನು ಹಟ ಮಾಡಿ ಮನೆಗೆ ತಂದದ್ದರ ಹಿಂದೆ ಅಜ್ಜಿಯ ಒಂದು ಯೋಚನೆ ಇತ್ತು. ಬೇರೆಯವರ ಹಲ್ಲಾದರೆ ಸೊಸೆ ಮರೆತಾಳು. ಮೂರು ಹೊತ್ತೂ ಎದುರಿಗೆ ಬೊಚ್ಚುಬಾಯಿ ಬಿಟ್ಟುಕೊಂಡು ಕೂತಿರುವ ಅತ್ತೆಯನ್ನು ಹೇಗೆ ಮರೆತಾಳು? ಈ ಒಂದು ಸೆಟ್ಟು ಮುಗಿಸಿದರೆ ಅವಳಿಗೆ ತನ್ನ ಕೈ ಮೇಲೆ ಮತ್ತೆ ನಂಬಿಕೆ ಬರುತ್ತದೆ, ನಂಬಿಕೆ ಬಂದರೆ ಎದ್ದು ಓಡಾಡುತ್ತಾಳೆ. ಅಜ್ಜಿ ತನ್ನ ಬಾಯನ್ನೇ ಪಣಕ್ಕಿಟ್ಟಿದ್ದಳು, ಮತ್ತು ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಸೊಸೆಗೂ ಗೊತ್ತಿತ್ತು.

ಅಳತೆ ಮನೆಗೆ ಬಂದ ವಾರ ಅವಳು ಪ್ಲಾಸ್ಟರ್ ಕಲಸಿ ಮೇಲಿನ ದವಡೆ, ಕೆಳಗಿನ ದವಡೆ ಎರಡರ ಅಚ್ಚನ್ನೂ ತೆಗೆದಳು. ಆ ದಿನ ಊಟಕ್ಕೆ ಅಜ್ಜಿಗೆ ಗಂಜಿ, ಬೇಯಿಸಿ ಹಿಸುಕಿದ ಆಲೂಗಡ್ಡೆ. ಉಳಿದವರಿಗೆ ಅನ್ನ, ಹುರಿದ ಮೊಟ್ಟೆ, ಸೌತೆಕಾಯಿ.

“ಅಜ್ಜಿ, ಸೌತೆಕಾಯಿ ಬೇಕಾ?” ಎಂದು ಮೊಮ್ಮಗಳು ಕರಕರ ಕಡಿದು ತೋರಿಸಿದಳು. ಹೈಸ್ಕೂಲು ಹುಡುಗಿ. ಅವಳ ನಾಲಿಗೆ ನೋಡಿ ಅಜ್ಜಿಯೇ ‘ಮೆಣಸು’ ಎಂದು ಕರೆಯಲು ಶುರು ಮಾಡಿ, ಈಗ ಮನೆಯಲ್ಲಿ ಅದೇ ಹೆಸರಾಗಿತ್ತು.

“ಕಡಿ ಕಡಿ. ನನ್ನ ಹಲ್ಲು ಬರ್ಲಿ, ಮೊದಲು ನಿನ್ನ ಕಿವೀನೇ ಕಡೀತೀನಿ.”

“ಯಾವಾಗ ಬರುತ್ತಂತೆ?”

ಮಗ ಮೇಜಿನಡಿಯಲ್ಲಿ ಮಗಳ ಕಾಲು ಒದ್ದ.

“ರೀ, ಒದೀಬೇಡಿ ಅವಳನ್ನ,” ಎಂದಳು ಸೊಸೆ. “ಕೇಳಿದ್ರಲ್ಲಿ ತಪ್ಪೇನಿದೆ? ಬರೋ ವಾರ ಮೇಣದಲ್ಲಿ ಹಲ್ಲು ಕೂರಿಸ್ತೀನಿ ಅತ್ತೆ. ಅದಾದ್ಮೇಲೆ ಏನು, ಬೇಯಿಸಿ ಹೊಳಪು ಕೊಟ್ರೆ ಆಯ್ತು.”

“ನಂಗೇನು ಅವಸರ? ಗಂಜಿ ಚೆನ್ನಾಗೇ ಇದೆ,” ಎಂದಳು ಅಜ್ಜಿ. ಗಂಜಿ ಚೆನ್ನಾಗಿರಲಿಲ್ಲ. ಅದಕ್ಕೆ ಉಪ್ಪು ಹಾಕುವುದನ್ನು ಸೊಸೆ ಮರೆತಿದ್ದಳು.

ಬರುವ ವಾರ ಬಂದು ಹೋಯಿತು, ಅದರಾಚೆಯ ವಾರಗಳೂ ಹೋದವು. ಕೊನೆಗೆ ಒಂದು ಬೆಳಿಗ್ಗೆ ಸೊಸೆ ನಿಜವಾಗಿಯೂ ಕೂತಳು. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಮೇಣದಲ್ಲಿ ಹಲ್ಲಿನ ಎರಡು ಸಾಲು ಎದ್ದು ನಿಂತಿದ್ದವು. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹುಷಾರಾಗಿ ಬಾಯೊಳಗೆ ಇಟ್ಟಳು.

“ಕಚ್ಚಬೇಡಿ, ಇನ್ನೂ ಮೇಣ. ಸುಮ್ನೆ ತುಟಿ ಮುಚ್ಚಿ. ಹಾಂ, ಈಗ ಸ್ವಲ್ಪ ನಗಿ.”

ಅಜ್ಜಿ ಕನ್ನಡಿ ನೋಡಿಕೊಂಡಳು. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಚೂರೇ ಚೂರು ಹತ್ತಿಕೊಂಡಿತ್ತು, ಆಕೆಯ ಮೊದಲಿನ ಹಲ್ಲು ಇದ್ದ ಹಾಗೆಯೇ. ಸೆಟ್ಟನ್ನು ತೆಗೆದಿಟ್ಟ ಕೂಡಲೇ ಅಜ್ಜಿ ಅದನ್ನೇ ಹೇಳಿದಳು.

“ಇದನ್ನೂ ಜ್ಞಾಪಕ ಇಟ್ಕೊಂಡಿದ್ದೀಯಲ್ಲೇ!”

“ಬೀಗದ ಕೈ ಎಲ್ಲಿಟ್ಟೆ ಅನ್ನೋದು ಜ್ಞಾಪಕ ಇರಲ್ಲ ಅತ್ತೆ. ನಿಮ್ಮ ಸೊಟ್ಟ ಹಲ್ಲು ಮರೆಯೋಕಾಗುತ್ತಾ?” ಎಂದು ಸೊಸೆ ನಕ್ಕಳು.

ಅಜ್ಜಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಮಗನಿಗೆ ಫೋನ್ ಮಾಡಿದಳು. ಮಗ ಲಿಫ್ಟ್ ಮೆಕ್ಯಾನಿಕ್. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ಕೂತು ಗ್ರೀಸು ಹಚ್ಚುತ್ತಿದ್ದ.

“ನಕ್ಕಳು ಕಣೋ.”

“ನಕ್ಕಳಾ? ಜೋರಾಗಾ?”

“ಜೋರಾಗೇ.”

ಅವನು ಆ ದಿನ ಮನೆಗೆ ಬರುವಾಗ ಯಾವ ಕಾರಣವೂ ಇಲ್ಲದೆ ಒಂದು ಕೇಕ್ ತಂದ. ಅಜ್ಜಿ ಅದನ್ನು ಚಹಾದಲ್ಲಿ ಅದ್ದಿಕೊಂಡು ತಿಂದಳು.

ಇನ್ನು ಉಳಿದಿದ್ದುದು ಮೇಣದ ಸೆಟ್ಟನ್ನು ಲೋಹದ ಡಬ್ಬಿಯಲ್ಲಿಟ್ಟು ಪ್ಲಾಸ್ಟರ್ ಸುರಿಯುವುದು, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ತುಂಬಿ ಬೇಯಿಸುವುದು. ಎರಡು ದಿನ ಬಿಟ್ಟು ಅವಳು ಅದಕ್ಕೆಂದೇ ಕೂತಳು. ಪ್ಲಾಸ್ಟರಿಗೆ ನೀರು ಬೇಕಾಯಿತು. ನೀರಿಗೆ ಅಡುಗೆಮನೆಗೆ ಹೋದಳು. ಅಲ್ಲಿ ಕೆಟಲಿನ ತಳದಲ್ಲಿ ಬಿಳಿ ಕರೆ ಕಟ್ಟಿದ್ದು ಕಣ್ಣಿಗೆ ಬಿತ್ತು. ಅದನ್ನು ಉಜ್ಜಿದಳು. ಕೆಟಲ್ ಇಡಲು ಹೋದಾಗ ಶೆಲ್ಫು ಜಿಡ್ಡಾಗಿತ್ತು. ಶೆಲ್ಫು ಒರೆಸಲು ಡಬ್ಬಿ ಕೆಳಗಿಳಿಸಿದಳು, ಡಬ್ಬಿಗಳ ಮುಚ್ಚಳ ತೊಳೆದಳು. ಅಷ್ಟರಲ್ಲಿ ಇಳಿಬಿಸಿಲು ಬಾಲ್ಕನಿಯ ಗಾಜಿನೊಳಗೆ ಬಂದು ಮೇಜಿನ ಮೇಲೆ ಕೂತಿತ್ತು.

ಶಾಲೆಯಿಂದ ಬಂದ ಮೆಣಸು ಮೊದಲು ನೋಡಿದಳು. “ಅಮ್ಮಾ! ಅಜ್ಜಿ ಹಲ್ಲು!”

ಮೇಣ ಮೆತ್ತಗಾಗಿ ಇಳಿದಿತ್ತು. ಹಲ್ಲುಗಳು ಒಂದರ ಮೇಲೊಂದು ವಾಲಿಕೊಂಡಿದ್ದವು, ಕೆಲವು ಮೇಜಿನ ಮೇಲೆ ಬಿದ್ದಿದ್ದವು. ಸೊಸೆ ಕೈಯಲ್ಲಿ ಪಾತ್ರೆ ಉಜ್ಜುವ ನಾರು ಹಿಡಿದುಕೊಂಡೇ ಬಂದು ನಿಂತಳು. ಅಳಲಿಲ್ಲ.

“ಐದು ನಿಮಿಷ ಅಂತ ಹೋದೆ,” ಎಂದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. ನಾರನ್ನು ಆ ಹಲ್ಲುಗಳ ಪಕ್ಕದಲ್ಲೇ ಇಟ್ಟು ಹೋಗಿ ಮಲಗಿಕೊಂಡಳು. ಅಡುಗೆಮನೆಯ ನೆಲದ ತುಂಬ ಹರಡಿದ್ದ ಡಬ್ಬಿಗಳನ್ನು ಸಂಜೆ ಅಪ್ಪ ಮಗಳು ಸೇರಿ ಮತ್ತೆ ಜೋಡಿಸಿದರು.

ಅಂದು ಮಲಗಿದವಳು ಏಳಲು ವಾರಗಳೇ ಹಿಡಿದವು. ಮನಸ್ಸಿನ ಡಾಕ್ಟರು ಮಾತ್ರೆ ಬದಲಾಯಿಸಿದರು. ಇದು ಹಿಡಿಯಲು ಸಮಯ ಬೇಕು, ಕಾಯಬೇಕು ಎಂದರು. ಮಗ ಕೆಲಸಕ್ಕೆ ಹೋಗುವ ಮುಂಚೆ ಅನ್ನಕ್ಕಿಡುವನು, ಮೆಣಸು ಬಟ್ಟೆ ಒಣಹಾಕುವಳು, ಅಜ್ಜಿ ಕೂತಲ್ಲೇ ತರಕಾರಿ ಹೆಚ್ಚುವಳು, ತನಗೆ ತಿನ್ನಲಾಗದ ತರಕಾರಿ. ಆಕೆಯ ರವಿಕೆ ಹೆಗಲಿನಿಂದ ಜಾರತೊಡಗಿತ್ತು.

“ಅಮ್ಮ, ನಾಳೆ ಆ ಅಚ್ಚು ತಗೊಂಡ್ಹೋಗಿ ಲ್ಯಾಬಿಗೆ ಕೊಟ್ಟು ಬರ್ತೀನಿ,” ಎಂದ ಮಗ ಒಂದು ಸಂಜೆ, ತಟ್ಟೆ ಮುಂದೆ ಕೂತು.

“ಮುಟ್ಟಿ ನೋಡು.”

“ಎಷ್ಟು ಇಳಿದುಹೋಗಿದ್ದೀಯ ಅಂತ ನೋಡ್ಕೊಂಡಿದ್ದೀಯಾ?”

“ಈ ವಯಸ್ಸಲ್ಲಿ ದಪ್ಪ ಆಗಿ ಯಾರಿಗೆ ತೋರಿಸ್ಲಿ? ಅವಳ ಕೈಯಿಂದ ಅದನ್ನೂ ಕಿತ್ಕೊಂಡ್ರೆ ಅವಳಿಗೆ ಉಳಿಯೋದೇನು? ಅದು ಹೇಳು.”

“ನಿನ್ನ ಬಾಯೇನು ಅವಳಿಗೆ ಔಷಧೀನಾ?”

“ಡಾಕ್ಟರ ಔಷಧಿ ಏನು ಕಿಸೀತು, ನೋಡಿದ್ವಲ್ಲ.”

“ಅದಕ್ಕೆ ಟೈಮ್ ಬೇಕು ಅಂದಿದ್ದಾರೆ.”

“ನಂದಕ್ಕೂ ಬೇಕು. ಹಲ್ಲು ಕಚ್ಚಿಕೊಂಡು ಸಹಿಸ್ಕೋ ಅಂತ ನಿಂಗೆ ಹೇಳಬಹುದು. ನಂಗೆ ಹಾಗೆ ಹೇಳೋಕೂ ಆಗಲ್ಲ ನೋಡು.”

ಮಗನಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದ. ಆ ಮನೆಯ ಗೋಡೆಗಳು ತೆಳು. ಒಳಗೆ ಮಲಗಿದ್ದವಳಿಗೆ ಎಲ್ಲವೂ ಕೇಳಿಸಿತು.

ಮೆಣಸಿಗೆ ಅಪ್ಪನಷ್ಟು ತಾಳ್ಮೆ ಇರಲಿಲ್ಲ. ಪಾಪ, ಆ ವಯಸ್ಸಿಗೆ ಇರಬೇಕೆಂದು ಕೇಳುವುದೂ ಅನ್ಯಾಯ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ಚೀಲ ಎಸೆದು ಮಂಚದ ಪಕ್ಕ ನಿಂತಳು.

“ಮಾತ್ರೆ ತಗೊಂಡ್ಯಾ?”

“ತಗೊಂಡೆ.”

“ಯಾವಾಗ?”

“ಬೆಳಿಗ್ಗೆ. ಅದು ನಿನ್ನೆನೋ ಏನೋ.”

“ಮರೆಯೋ ಕಾಯಿಲೆಗೆ ಕೊಟ್ಟ ಮಾತ್ರೇನೇ ಮರೆತ್ರೆ ಹೇಗಮ್ಮ? ಇವತ್ತು ಸ್ಕೂಲಿಗೆ ಬರ್ತೀನಿ ಅಂದಿದ್ದೆ. ಎಲ್ಲರ ಅಮ್ಮಂದಿರೂ ಬಂದಿದ್ರು. ನಾನು ಗೇಟಲ್ಲೇ ನಿಂತಿದ್ದೆ.”

“ಬರೋಕೆ ಹೊರಟಿದ್ದೆ ಕಣೇ. ಸೀರೆ ಉಟ್ಟೆ, ಚಪ್ಪಲಿ ಹಾಕ್ಕೊಂಡೆ. ಬಾಗಿಲ ತನಕ ಬಂದೆ.”

“ಆಮೇಲೆ?”

“ಆಮೇಲೆ ಗೊತ್ತಿಲ್ಲ.”

ಅವಳು ಇನ್ನೂ ಆ ಸೀರೆಯಲ್ಲೇ ಇದ್ದಳು. ಮೆಣಸು ಅದನ್ನು ಆಗ ನೋಡಿದಳು, ಆದರೂ ಬಾಯಿಗೆ ಬಂದ ಮಾತು ನಿಲ್ಲಲಿಲ್ಲ.

“ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತಮ್ಮ.”

“ಮನಸ್ಸೇ ಕಣೇ ಕೆಟ್ಟಿರೋದು. ಇನ್ಯಾವುದರಿಂದ ಮಾಡ್ಲಿ?”

“ಏಯ್, ಅಮ್ಮನ ಹತ್ರ ಹೀಗಾ ಮಾತಾಡೋದು?” ಎಂದು ಅಜ್ಜಿ ಬಾಗಿಲಲ್ಲಿ ಬಂದು ನಿಂತಳು.

“ನೀನು ಬಾಯಿ ಮುಚ್ಚು ಅಜ್ಜಿ. ಎಲ್ಲಾ ನಿನ್ನಿಂದಲೇ. ಹಲ್ಲು ಹಲ್ಲು ಅಂತ ಎಲ್ಲರೂ ಬಾಯಿ ಬಿಟ್ಕೊಂಡು ಕೂತ್ರೆ ಅವಳಿಗೆ ಹೇಗಾಗ್ಬೇಡ!”

ಹೇಳಿದ ಮರುಕ್ಷಣ ಹುಡುಗಿಯೇ ಅತ್ತಳು. ಅಜ್ಜಿ ಅವಳನ್ನು ಎಳೆದುಕೊಂಡು ಅಡುಗೆಮನೆಗೆ ಹೋಗಿ ಒಂದು ಲೋಟ ಹಾಲು ಕೊಟ್ಟಳು. ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಅಜ್ಜಿಗೆ ಅನ್ನಿಸಿತು, ಆದರೆ ಅಷ್ಟು ದಿನ ಗಂಜಿ ಕುಡಿದ ಮೇಲೆ ಹಟ ಬಿಡುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ.

ಆಮೇಲೆ ಒಂದು ದಿನ, ಹೊಸ ಮಾತ್ರೆ ಹಿಡಿಯಿತೋ, ಮನಸ್ಸು ತಾನಾಗಿಯೇ ತಿಳಿಯಾಯಿತೋ, ಸೊಸೆ ಎದ್ದಳು. ಸ್ನಾನ ಮಾಡಿದಳು. ಬಾಲ್ಕನಿಗೆ ಹೋಗಿ ಮೇಜಿನ ಧೂಳು ಕೊಡವಿ, ಗಾಜಿಗೆ ಹಳೇ ಬೆಡ್‌ಶೀಟ್ ಕಟ್ಟಿ, ದೀಪ ಹಚ್ಚಿ ಮೇಣ ಕಾಯಿಸಲು ಕೂತಳು. ಅದೇ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು. ಎತ್ತಿದವಳು ಅಜ್ಜಿ.

“ಏನಜ್ಜಿ, ಪತ್ತೇನೇ ಇಲ್ಲ? ನೋಡಿ, ಹಲ್ಲು ಕಿತ್ತ ಮೇಲೆ ದವಡೆ ಕುಗ್ತಾ ಹೋಗುತ್ತೆ. ಆ ಹಳೇ ಅಳತೆ ಇನ್ನು ಕೂರಲ್ಲ. ಬನ್ನಿ, ಹೊಸದಾಗಿ ತೆಗೆಯೋಣ. ಸೊಸೆಗೂ ಹೇಳಿ, ಅವರಿಗೆ ಗೊತ್ತಿರುತ್ತೆ.”

“ಹೇಳ್ತೀನಿ ಹೇಳ್ತೀನಿ,” ಎಂದು ಅಜ್ಜಿ ಫೋನಿಟ್ಟಳು. ಬಾಲ್ಕನಿಯ ಬಾಗಿಲ ತನಕ ಹೋದಳು. ಸೊಸೆ ಬಿಸಿ ಚಾಕುವಿನಿಂದ ಒಂದೊಂದೇ ಹಲ್ಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದಳು. ನಾಲಿಗೆಯ ತುದಿ ಹೊರಗೆ ಬಂದಿತ್ತು, ಕೆಲಸ ಒಲಿದಾಗ ಯಾವಾಗಲೂ ಬರುವ ಹಾಗೆ. ಎಷ್ಟೋ ದಿನದ ಮೇಲೆ ಕಂಡ ಆ ನಾಲಿಗೆಯ ತುದಿ ನೋಡಿ ಅಜ್ಜಿಯ ಕಣ್ಣು ತುಂಬಿತು. ಈಗ ಹೋಗಿ ಎಲ್ಲ ಮೊದಲಿನಿಂದ ಎಂದರೆ ಮತ್ತೆ ಮಂಚ ಹಿಡಿಯುತ್ತಾಳೆ. ದವಡೆ ಕುಗ್ಗಿದರೆ ಎಷ್ಟು ಕುಗ್ಗೀತು? ಒಂದಿಷ್ಟು ಸಡಿಲವಾದರೆ ಆಯಿತು, ರವಿಕೆಯೇ ಸಡಿಲವಾಗಿಲ್ಲವೇ? ಅಜ್ಜಿ ಹೇಳಲಿಲ್ಲ. ಬಂದ ಹಾಗೆಯೇ ಹಿಂದಕ್ಕೆ ಹೋದಳು.

ಡಾಕ್ಟರಮ್ಮ ಅಂದದ್ದು ನಿಜ, ಸೊಸೆಗೆ ದವಡೆಯ ವಿಷಯ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ದಿನಗಳ ವಿಷಯ. ನಿನ್ನೆ, ಮೊನ್ನೆ, ಹೋದ ತಿಂಗಳು ಎಂಬುದು ಅವಳಿಗೆ ಯಾವತ್ತೂ ಸರಿಯಾಗಿ ಸಿಕ್ಕಿದ್ದೇ ಇಲ್ಲ. ಮಲಗಿದ್ದ ವಾರಗಳಂತೂ ಅವಳ ಲೆಕ್ಕದಲ್ಲಿ ಒಂದೇ ಉದ್ದನೆಯ ಮಧ್ಯಾಹ್ನ.

ಮುಂದಿನ ಮೂರು ದಿನ ಆ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ಓಡಾಡಿದರು. ಕುಕ್ಕರಿನಲ್ಲಿ ಸೆಟ್ಟಿನ ಡಬ್ಬಿ ಬೇಯುತ್ತಿದ್ದುದರಿಂದ ಅನ್ನವಿಲ್ಲ, ಬ್ರೆಡ್ಡು, ಸೂಪು. ಯಾರೂ ದೂರಲಿಲ್ಲ. ಅಷ್ಟು ರುಚಿಯಾದ ಬ್ರೆಡ್ಡು ತಿಂದೇ ಇಲ್ಲ ಎಂದು ಮಗ ಹೇಳಿದ. ಸೊಸೆಗೆ ಹಸಿವು ಬಾಯಾರಿಕೆ ಒಂದೂ ತಿಳಿಯುತ್ತಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅವಳ ಬಾಯಿಗೆ ಇಡುತ್ತಿದ್ದಳು.

“ಅಗಿ. ಹಲ್ಲಿರೋಳು ನೀನು, ಸುಮ್ನೆ ನುಂಗ್ತೀಯಲ್ಲ.”

“ಹೂಂ ಅತ್ತೆ. ಹೂಂ.”

“ಮೆಣಸೂ, ಅಮ್ಮಂಗೆ ನೀರು ತಾ.”

ಮೆಣಸು ನೀರು ತಂದಳು, ಜೊತೆಗೆ ಮಾತ್ರೆಯನ್ನೂ ತಂದಳು. ಸೊಸೆ ಕೈ ಚಾಚಿ ತೆಗೆದುಕೊಂಡಳು, ಕಣ್ಣು ಕೆಲಸದ ಮೇಲೆಯೇ ಇತ್ತು. ಹೊಳಪಿನ ಮೋಟರು ಗುಯ್‌ಗುಡುವುದನ್ನು ಕೇಳುತ್ತ ಮಗ ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋದ. ಬಹಳ ದಿನದ ಮೇಲೆ ಅವನಿಗೆ ಅಂಥ ನಿದ್ದೆ ಬಂದಿತ್ತು.

ರಜೆಯ ದಿನ ಮಧ್ಯಾಹ್ನ ಸೆಟ್ಟು ಊಟದ ಮೇಜಿಗೆ ಬಂತು, ನೀರು ತುಂಬಿದ ಗಾಜಿನ ಬಟ್ಟಲಿನಲ್ಲಿ. ಮಗ ಸೇಬು ತಂದಿದ್ದ, ಹುರಿದ ಕಡಲೆಕಾಯಿ ತಂದಿದ್ದ. ಅನ್ನ ಹದವಾಗಿ ಉದುರಾಗಿತ್ತು. ಸೊಸೆ ತಲೆ ಬಾಚಿಕೊಂಡಿದ್ದಳು, ಯಾರೂ ಹೇಳದೆ.

ಅಜ್ಜಿ ಮೇಲಿನದು ಹಾಕಿಕೊಂಡಳು. ಕೆಳಗಿನದು ಹಾಕಿಕೊಂಡಳು. ತುಟಿ ಮುಚ್ಚಿ ತೆರೆದಳು. ಮುಖ ತುಂಬಿಕೊಂಡು, ಹತ್ತು ವರ್ಷ ಚಿಕ್ಕವಳಾದಳು.

“ಹೇಗಿದೆ ಅತ್ತೆ?”

“ಭೇಷಾಗಿದೆ.” ಮಾತಿನ ಜೊತೆಗೆ ಟಕ್ ಎಂದು ಒಂದು ಸದ್ದಾಯಿತು. “ಭೇಷಾಗಿದೆ ಕಣಮ್ಮ,” ಎಂದಳು ಮತ್ತೆ. ಮತ್ತೆ ಟಕ್.

ಮೆಣಸು ಸೇಬಿನ ಹೋಳು ಕೊಟ್ಟಳು. ಅಜ್ಜಿ ಕಚ್ಚಿದಳು. ಕೆಳಗಿನ ಸೆಟ್ಟು ಎದ್ದು ಸೇಬಿನ ಜೊತೆಗೇ ಹೊರಟಿತು. ಆಕೆ ನಾಲಿಗೆಯಿಂದ ಅದನ್ನು ಒತ್ತಿ ಹಿಡಿದು, ಹೋಳನ್ನು ಇಡಿಯಾಗಿ ನುಂಗಿದಳು. ಕಣ್ಣಲ್ಲಿ ನೀರು ಬಂತು.

“ಖುಷಿಗೆ,” ಎಂದಳು.

ಸೊಸೆ ಚಮಚ ಕೆಳಗಿಟ್ಟಳು. “ಬಾಯಿ ತೆಗೀರಿ ಅತ್ತೆ.”

“ಊಟ ಮಾಡೋಣ ಮೊದಲು.”

“ಬಾಯಿ ತೆಗೀರಿ.”

ಸೆಟ್ಟನ್ನು ಹೊರತೆಗೆದು ತೋರುಬೆರಳಿನಿಂದ ಒಸಡಿನ ಮೇಲೆ ನಿಧಾನವಾಗಿ ಸವರಿದಳು, ಈ ಕಿವಿಯ ಬುಡದಿಂದ ಆ ಕಿವಿಯ ಬುಡದ ತನಕ. ಎಷ್ಟೋ ಬಾಯಿಗಳನ್ನು ಬಲ್ಲ ಬೆರಳು. ಎಡಗಡೆ ಒಂದು ಕಡೆ ನಿಂತಿತು. ಅವಳ ಮುಖದ ಬಣ್ಣ ಇಳಿಯಿತು.

“ಅಳತೆ ತೆಗೆಸಿದ್ದು ಮೊನ್ನೆ ಮೊನ್ನೆ ತಾನೆ?”

ಮಗ ಸೇಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಒಂದು ತಿಂಗಳಾಯ್ತಾ? ರೀ?”

“ಅಮ್ಮ,” ಎಂದಳು ಮೆಣಸು, ಆದಷ್ಟೂ ಮೆತ್ತಗೆ. “ಆವಾಗ ನಾನು ಸ್ವೆಟರ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ.”

ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಸೊಸೆ ತಲೆಯೆತ್ತಿ ಅದನ್ನು ನೋಡಿದಳು.

“ಡಾಕ್ಟರಮ್ಮ ಫೋನ್ ಮಾಡಿದ್ರು ಕಣಮ್ಮ,” ಎಂದಳು ಅಜ್ಜಿ. “ಮತ್ತೆ ಅಳತೆ ತೆಗೀಬೇಕು ಅಂದಿದ್ರು. ನಾನೇ ಹೇಳ್ಲಿಲ್ಲ. ನೀನು ಅವತ್ತು ತಾನೇ ಎದ್ದು ಕೂತಿದ್ದೆ.”

“ನಂಗೆ ಅವರು ಹೇಳ್ಬೇಕಾ ಅತ್ತೆ? ಊರಿಗೆಲ್ಲ ನಾನೇ ಹೇಳ್ತಿದ್ದೋಳು. ತಡ ಮಾಡ್ಬೇಡಿ, ಬಾಯಿ ಬದಲಾಗುತ್ತೆ ಅಂತ.” ಅವಳ ದನಿ ಏರಲಿಲ್ಲ. ಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕೆಲಸದಲ್ಲಿ ಒಂದೂ ತಪ್ಪಿರಲಿಲ್ಲ. ಎಂದೋ ಇದ್ದ ಒಂದು ಬಾಯಿಗೆ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತಿತ್ತು.

“ಪರವಾಗಿಲ್ಲ,” ಎಂದಳು. “ನಾಳೆ ಹೊಸ ಅಳತೆ ತಗೊಳ್ಳೋಣ. ಇನ್ನೊಂದು ಮಾಡ್ತೀನಿ.”

ಮಗ ಒಂದು ಕಡಲೆಕಾಯಿಯನ್ನು ಬೆರಳ ನಡುವೆ ಉರುಳಿಸುತ್ತ ಕೂತ. ಮೆಣಸು ತಟ್ಟೆ ನೋಡಿದಳು. ಅವರಿಬ್ಬರ ಉತ್ತರಕ್ಕೆ ಸೊಸೆ ಕಾಯಲೂ ಇಲ್ಲ. ಅವಳು ನೋಡುತ್ತಿದ್ದುದು ಅಜ್ಜಿಯನ್ನು. ಕ್ಲಿನಿಕ್ಕು ಕೈಬಿಟ್ಟಾಗ, ಗಂಡ ಸುಸ್ತಾದಾಗ, ಮಗಳು ಕೂಗಾಡಿದಾಗ ಹಟ ಹಿಡಿದು ಕೂತಿದ್ದವಳು ಆಕೆಯೊಬ್ಬಳೇ.

ಅಜ್ಜಿ ಸೊಸೆಯ ಕೈಯಿಂದ ಸೆಟ್ಟು ತೆಗೆದುಕೊಂಡು ಮತ್ತೆ ಬಾಯಿಗೆ ಹಾಕಿಕೊಂಡಳು.

“ಬೇಡ ಕಣಮ್ಮ,” ಎಂದಳು. “ಇದರಲ್ಲೇ ಹೇಗೋ ಸುಧಾರಿಸ್ಕೋತೀನಿ.”

ಬಹಳ ಪ್ರೀತಿಯಿಂದ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು.

“ಆಯ್ತು ಅತ್ತೆ,” ಎಂದಳು ಅವಳು. ಎಲ್ಲರ ಊಟ ಮುಗಿಯುವ ತನಕ ಕೂತಿದ್ದಳು. ತಟ್ಟೆಗಳನ್ನೆಲ್ಲ ತೆಗೆದು ತೊಳೆದಳು, ಒಂದನ್ನೂ ಬಿಡದೆ ಒರೆಸಿದಳು, ಒಂದೊಂದನ್ನೂ ಅದರದರ ಜಾಗದಲ್ಲಿಟ್ಟಳು. ಒಂದು ಕೆಲಸವನ್ನು ಹೀಗೆ ತುದಿ ಮುಟ್ಟಿಸಿದ್ದನ್ನು ನೋಡಿ ಮಗನಿಗೆ ಭಯವಾಯಿತು. ಆಮೇಲೆ ಅವಳು ಹೋಗಿ ಮಲಗಿದಳು.

ಅಜ್ಜಿ ಸುಧಾರಿಸಿಕೊಳ್ಳಲು ನೋಡಿದಳು. ಮನೆಯವರ ಎದುರಿಗೆ ಹಾಕಿಕೊಳ್ಳುವಳು, ಊಟಕ್ಕೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ತೆಗೆದಿಡುವಳು. ಒಸಡು ಹುಣ್ಣಾಗಿ ಟವೆಲಿನ ಮೇಲೆ ರಕ್ತ ಕಂಡ ದಿನ ಮಗ ಯಾರನ್ನೂ ಕೇಳದೆ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಹುಣ್ಣು ಮಾಗಲಿ, ಆಮೇಲೆ ಬನ್ನಿ, ದೊಡ್ಡ ಲ್ಯಾಬಿಗೇ ಕೊಡೋಣ ಎಂದರು ಅವರು. ಈ ಸಲ ಅಜ್ಜಿ ಜಗಳವಾಡಲಿಲ್ಲ. ಮನಸ್ಸಿನ ಡಾಕ್ಟರು ಸೊಸೆಗೆ ಮತ್ತೊಂದು ಮಾತ್ರೆ ಬರೆದರು, ಮತ್ತೆ ಕಾಯಬೇಕು ಎಂದರು. ಮನೆಯವರು ತಲೆಯಾಡಿಸಿದರು. ಕಾಯುವುದರಲ್ಲಿ ಅವರು ಪಳಗಿದ್ದರು, ಹಾಗೆ ಕಾಯಲು ಅವಳು ಹುಷಾರಾಗುತ್ತಾಳೆ ಎಂಬ ನಂಬಿಕೆಯೂ ಈಗ ಬೇಕಾಗುತ್ತಿರಲಿಲ್ಲ.

ಅಳತೆಗೆ ಹೊರಟ ಬೆಳಿಗ್ಗೆ ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತಳು.

“ಹೋಗಿ ಬರ್ತೀವಿ ಕಣಮ್ಮ.”

ಗೋಡೆಯ ಕಡೆಗಿದ್ದ ಮುಖ ತಿರುಗಲಿಲ್ಲ. ಆ ಕಡೆಯಿಂದಲೇ ಮಾತು ಬಂತು.

“ಅತ್ತೆ, ಅವರಿಗೆ ಒಂದು ಹೇಳಿ. ಎಡಗಡೆ ಕೆಳಗೆ, ಹಿಂದೆ, ಮೂಳೆ ಚೂಪಾಗಿದೆ. ಅಲ್ಲಿ ಒತ್ತಬಾರದು. ಆ ಜಾಗ ಸ್ವಲ್ಪ ಬಿಡಿಸಿ ಮಾಡಬೇಕು. ಇಲ್ದಿದ್ರೆ ಮತ್ತೆ ಹುಣ್ಣಾಗುತ್ತೆ.”

“ನೀನೇ ಬಂದು ಹೇಳ್ತೀಯಾ? ಆಟೋದಲ್ಲಿ ಹೋಗೋದು, ಆಟೋದಲ್ಲಿ ಬರೋದು.”

“ಆಗಲ್ಲ ಅತ್ತೆ.”

“ಸರಿ ಬಿಡು. ಹೇಳ್ತೀನಿ.”

ಮಗ ಆಗಲೇ ಹೊರಗೆ ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದ. ಅಜ್ಜಿ ಚಪ್ಪಲಿ ಮೆಟ್ಟಿಕೊಂಡು, ಸೆರಗು ಸರಿ ಮಾಡಿಕೊಂಡು, ಅವನ ಪಕ್ಕಕ್ಕೆ ಬಂದಳು. ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿಗೆ ಸಾಮಾನು ಏರಿಸುತ್ತಿದ್ದರು, ಅದು ಬರಲು ತಡವಾಯಿತು.

“ಎಡಗಡೆ ಅಂದಳೋ ಬಲಗಡೆ ಅಂದಳೋ?” ಎಂದಳು ಅಜ್ಜಿ.

“ಏನದು?”

“ಮೂಳೆ ಚೂಪಾಗಿದೆಯಂತೆ.”

“ಹೋಗಿ ಕೇಳ್ಕೊಂಡು ಬರ್ಲಾ?”

ಅಜ್ಜಿ ತೆರೆದಿದ್ದ ಬಾಗಿಲಿನ ಕಡೆ ನೋಡಿದಳು. ಒಳಗೆ ಸದ್ದಿರಲಿಲ್ಲ.

“ಬೇಡ ಬಿಡು,” ಎಂದಳು. “ಅವರೇ ನೋಡ್ಕೋತಾರೆ.”

ಮಗ ಬಾಗಿಲನ್ನು ಮುಂದಕ್ಕೆ ಎಳೆದು ಹಾಕಿದ. ಲಿಫ್ಟು ಬಂತು, ಇಬ್ಬರೂ ಒಳಗೆ ಹೋದರು.